ಅಡಿಕೆ ತಿನ್ನದ ಅತಿಥಿ

ದೀಪಾವಳಿ ಮುಗಿದು ಅಡಿಕೆಯ ಕೊನೆಕೊಯ್ಲು ಇನ್ನೂ ಶುರುವಾಗದ ಎರಡು-ಮೂರು ವಾರ ಶಿರಸಿ ಸೀಮೆಯ ತೋಟಿಗರಿಗೆ ಸಿಗುವ ಒಂದೇ ರಜೆ. ಉಂಬಳಗಳು (ಜಿಗಣೆಗಳು) ಹೋಗಿರುತ್ತವೆ, ರಕ್ತ ಹೀರುವ ಉಣುಗುಗಳು ಪೂರ್ತಿ ಬಂದಿರುವುದಿಲ್ಲ. ಬೆಳಿಗ್ಗೆ ತೋಟದ ಮೇಲೆ ಮಂಜು, ಮಧ್ಯಾಹ್ನ ಚುರುಕು ಬಿಸಿಲು, ರಾತ್ರಿ ಕಂಬಳಿ ಹೊದೆಯಬೇಕೋ ಬೇಡವೋ ಎಂಬ ಗೊಂದಲ. ಹೋದ ವರ್ಷ ಈ ಬಿಡುವಿನಲ್ಲಿ ನಾನು ಪಕ್ಷಿ ವೀಕ್ಷಕನಾದೆ. ಅಂದರೆ, ಹುಬ್ಬಳ್ಳಿಯಿಂದ ಒಂದು ದುರ್ಬೀನು ತರಿಸಿದೆ.

"ಎಷ್ಟು ಕೊಟ್ಟೆ?" ಎಂದಳು ಆಯಿ.

ಅರ್ಧ ಬೆಲೆ ನುಂಗಿಕೊಂಡು ಉಳಿದರ್ಧ ಹೇಳಿದೆ.

"ಇದರಲ್ಲಿ ನೋಡಿದರೆ ಮಂಗ ಓಡುತ್ತದೆಯೇ?"

"ಓಡುವುದಿಲ್ಲ ಆಯಿ, ಎಂಟು ಪಟ್ಟು ಹತ್ತಿರ ಕಾಣುತ್ತದೆ."

"ಈಗ ಇರುವಷ್ಟು ಹತ್ತಿರ ಸಾಲದೇ?"

ಆಯಿಗೆ 84 ವರ್ಷ. ಅವಳ ಪ್ರಾಣಿಶಾಸ್ತ್ರ ಬಹಳ ಸರಳ. ಜಗತ್ತಿನ ಜೀವಿಗಳಲ್ಲಿ ಎರಡೇ ಜಾತಿ: ಅಡಿಕೆಗೆ ಬಾಯಿ ಹಾಕುವವು, ಹಾಕದವು. ಮೊದಲನೆಯ ಜಾತಿಯಲ್ಲಿ ಮಾತ್ರ ಕೆಲವು ಒಳಪಂಗಡಗಳಿವೆ. ಬಾವಲಿ ಸಭ್ಯಸ್ಥ, ಹಣ್ಣಡಿಕೆಯ ಸಿಪ್ಪೆ ಚೀಪಿ ಅಡಿಕೆಯನ್ನು ನಮಗೇ ಬಿಟ್ಟು ಹೋಗುತ್ತದೆ, ಬೆಳಿಗ್ಗೆ ಹೆಕ್ಕಿಕೊಂಡರಾಯಿತು. ಮಂಗ ದುಷ್ಟ, ಎಳೆಯದನ್ನೇ ಕಿತ್ತು, ಒಂದು ಕಚ್ಚು ಕಚ್ಚಿ, ಎಸೆಯುತ್ತದೆ. ನನ್ನ ಹಕ್ಕಿ ಪುಸ್ತಕದಲ್ಲಿ ಇಷ್ಟು ಉಪಯುಕ್ತ ವರ್ಗೀಕರಣ ಎಲ್ಲೂ ಇರಲಿಲ್ಲ.

ಮಂಗಟ್ಟೆ ಹಕ್ಕಿ ನೋಡಲು ಜನ ದುಡ್ಡು ಖರ್ಚು ಮಾಡಿ ದಾಂಡೇಲಿಗೆ ಹೋಗುತ್ತಾರೆ. ನಮ್ಮ ಸೊಪ್ಪಿನ ಬೆಟ್ಟದ ಗೋಳಿಮರ ಹಣ್ಣಾದರೆ ಅವು ತಾವಾಗಿಯೇ ಬರುತ್ತವೆ. ರೆಕ್ಕೆಯ ಸದ್ದು ಉಗಿಬಂಡಿ ಏದುಸಿರು ಬಿಟ್ಟಂತೆ ದೂರದಿಂದಲೇ ಕೇಳುತ್ತದೆ. ನಾನು ದುರ್ಬೀನಿನ ಮುಚ್ಚಳ ಬಿಚ್ಚಿ, ಕನ್ನಡಕ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಯಲ್ಲಿ ಕಚ್ಚಿಕೊಂಡು, ಕಣ್ಣಿಗೆ ಹೊಂದಿಸುವಷ್ಟರಲ್ಲಿ ಆಕಾಶ ಖಾಲಿಯಾಗಿತ್ತು. ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಆಯಿ ತಲೆ ಎತ್ತದೆ, "ಐದು ಹೋದವು" ಎಂದಳು.

ತೋಟಕ್ಕಿಳಿದರೆ ಇನ್ನೊಂದು ಪಾಡು. ಮಳೆ ಹಿಂದಾದ ಮೇಲೆ ಅಲ್ಲಿ ದೈತ್ಯ ಜೇಡಗಳ ಕಾರುಬಾರು. ಕಾಲು ಚಾಚಿದರೆ ಹೆಣ್ಣು ಜೇಡ ಅಂಗೈಯಗಲ. ಅದರ ನೂಲಿಗೆ ಬಂಗಾರದ ಬಣ್ಣ. ಎರಡು ಅಡಿಕೆ ಮರಗಳ ನಡುವೆ, ಸರಿಯಾಗಿ ನನ್ನ ಮೂಗಿನ ಮಟ್ಟಕ್ಕೆ, ಬಲೆ ಕಟ್ಟಿರುತ್ತದೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ ಕೈಯಲ್ಲೊಂದು ಕೋಲು ಬೀಸುತ್ತ ನಡೆಯುತ್ತಾನೆ. ನಾನು ಮರದ ತುದಿಯನ್ನು ದುರ್ಬೀನಿನಲ್ಲಿ ನೋಡುತ್ತ ನಡೆಯುತ್ತೇನೆ. ಒಂದೇ ವಾರದಲ್ಲಿ ನಾಲ್ಕು ಬಲೆಗಳನ್ನು ಮುಖದಲ್ಲಿ ಹೊತ್ತುಕೊಂಡು ಮನೆಗೆ ಬಂದೆ. ಇವುಗಳಲ್ಲಿ ಗಂಡು ತೀರಾ ಪುಟ್ಟದು. ಬಲೆಯ ಅಂಚಿನಲ್ಲಿ ಕುಳಿತು, ಹೆಣ್ಣು ಹಿಡಿದದ್ದರಲ್ಲಿ ಸಿಕ್ಕಷ್ಟು ತಿಂದುಕೊಂಡಿರುತ್ತದೆ. ಇದನ್ನು ತಿಂಡಿಯ ಹೊತ್ತಿನಲ್ಲಿ ಉತ್ಸಾಹದಿಂದ ವಿವರಿಸಿದೆ. ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ತೆಳ್ಳೇವು ಹಾಕಿದಳು, ಏನೂ ಹೇಳಲಿಲ್ಲ. ಆ ಮೌನ ನನಗೆ ಹಿಡಿಸಲಿಲ್ಲ.

ಆದರೂ ಇವೆಲ್ಲ ಹಗಲಿನ ಅವಮಾನಗಳು, ನೋಡಿದವರು ಕಡಿಮೆ. ಕಬ್ಬೆಕ್ಕು ಎಂಬ, ಪುನುಗು ಬೆಕ್ಕಿನ ಬಳಗದ ಪ್ರಾಣಿ ಬಂದ ರಾತ್ರಿ ಹಾಗಲ್ಲ.

ಆಗ ಹುಬ್ಬಳ್ಳಿಯ ಭಾವ ನಾಲ್ಕು ದಿನ ಉಳಿಯಲು ಬಂದಿದ್ದರು. ನಡುರಾತ್ರಿ ಎಚ್ಚರವಾದರೆ ಮನೆ ತುಂಬ ಸಣ್ಣಕ್ಕಿ ಅನ್ನ ಬೇಯುವ ಪರಿಮಳ. ಈ ಹೊತ್ತಿನಲ್ಲಿ ಅನ್ನಕ್ಕಿಟ್ಟವರು ಯಾರು? ಅಡುಗೆಮನೆಗೆ ಹೋದೆ, ಒಲೆ ತಣ್ಣಗಿತ್ತು. ಮೇಲೆ ಅಟ್ಟದಲ್ಲಿ ಸರಸರ ಸದ್ದು. ಪುಸ್ತಕದಲ್ಲಿ ಓದಿದ್ದು ತಟ್ಟನೆ ನೆನಪಾಯಿತು: ಕಬ್ಬೆಕ್ಕಿನ ಮೈಯಿಂದ ಇಂಥದೇ ಪರಿಮಳ ಬರುವುದುಂಟು. ಬಂಗಾಳಿಗಳು ಇದನ್ನು 'ಗಂಧಗೋಕುಲ' ಎಂದೇ ಕರೆಯುತ್ತಾರೆ. ಇಷ್ಟು ದೊಡ್ಡ ಶೋಧ ಮಾಡಿದವನು ಮತ್ತೆ ಮಲಗುವುದು ಹೇಗೆ? ಏಣಿ ಹತ್ತಿದೆ.

ನಮ್ಮಲ್ಲಿ ಸೌತೆಯ ಜಾತಿಯ ಮೊಗೆಕಾಯಿಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿನ ಪಕಾಸಿಗೆ ತೂಗುಬಿಡುವುದು ಪದ್ಧತಿ. ಹಾಗೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅವುಗಳಾಚೆ, ಬ್ಯಾಟರಿಯ ಬೆಳಕಿಗೆ ಎರಡು ಕಣ್ಣುಗಳು ಕೆಂಡದಂತೆ ಹೊಳೆದವು. ಬಾಳೆಗೊನೆಯ ಪಕ್ಕ ಕುಳಿತ ಕಬ್ಬೆಕ್ಕು ನನ್ನನ್ನು ನೋಡಿತು. ಹೆದರಿಕೆಯೇನೂ ಇರಲಿಲ್ಲ, ಊಟದ ನಡುವೆ ಯಾರೋ ಬಂದರಲ್ಲ ಎಂಬ ಬೇಸರ ಮಾತ್ರ. ಇನ್ನೂ ಹತ್ತಿರದಿಂದ ನೋಡುವ ಆಸೆಗೆ ಏಣಿಯ ಕೊನೆಯ ಮೆಟ್ಟಿಲಿನಿಂದ ಬಾಗಿದೆ. ಏಣಿ ಜಾರಿತು. ಕೈಗೆ ಸಿಕ್ಕಿದ್ದು ಬಾಳೆಪಟ್ಟೆ.

ಬಾಳೆಪಟ್ಟೆ ಮೊಗೆಕಾಯಿಯನ್ನು ಹೊರುತ್ತದೆ, ನನ್ನನ್ನು ಹೊರುವುದಿಲ್ಲ. ನಾನು ಗೊಬ್ಬರಕ್ಕೆಂದು ತಂದಿಟ್ಟ ಖಾಲಿ ಚೀಲಗಳ ಮೇಲೆ ಬಿದ್ದೆ. ಮೊಗೆಕಾಯಿಗಳಲ್ಲಿ ಒಂದು ತಾಮ್ರದ ಕೊಪ್ಪರಿಗೆಗೆ ಬಡಿದು ಊರ ದೇವಸ್ಥಾನದ ಗಂಟೆಯಂತೆ ಮೊಳಗಿತು. ಇನ್ನೊಂದು ಉರುಳುತ್ತ ಹೋಗಿ ಭಾವನ ಹಾಸಿಗೆ ಸೇರಿತು. ಕತ್ತಲಲ್ಲಿ ತಣ್ಣಗಿನ, ದುಂಡಗಿನ, ನುಣುಪಾದ ವಸ್ತುವೊಂದು ಕಾಲಿಗೆ ತಾಗಿದರೆ ಮನುಷ್ಯ ಏನೆಂದುಕೊಳ್ಳಬೇಕು? ಭಾವ "ಹಾವು" ಎಂದು ಶುರುಮಾಡಿ "ಕಳ್ಳ" ಎಂದು ಮುಗಿಸಿದರು. ದೀಪಾವಳಿಯ ಬೂರೆ ಹಬ್ಬದ ರಾತ್ರಿ ಹುಡುಗರು ಹಿತ್ತಿಲ ಕಾಯಿಪಲ್ಯ ಕದಿಯುವುದು ನಮ್ಮ ಕಡೆ ಒಪ್ಪಿತ ಸಂಗತಿ. ಆದರೆ ಹಬ್ಬ ಕಳೆದು ವಾರವಾದ ಮೇಲೂ ಕಳವೇ ಎಂದು ಕೆಳಗಿನ ಮನೆಯವರು ಕತ್ತಿ ಹಿಡಿದು ಬಂದರು. ಅವರು ಬರುವಾಗ ಕಬ್ಬೆಕ್ಕು ಹೆಂಚಿನ ಸಂದಿಯಿಂದ ಹೊರಬಿದ್ದು, ಯಾರ ಕಣ್ಣಿಗೂ ಬೀಳದೆ ಹೋಗಿಬಿಟ್ಟಿತ್ತು. ಸಿಕ್ಕಿಬಿದ್ದವನು ನಾನೊಬ್ಬನೇ.

ಒಡೆದ ಮೊಗೆಕಾಯಿಗಳನ್ನು ಮುಂದಿನ ಮೂರು ದಿನ ಹುಳಿ, ಪಲ್ಯ, ತೆಳ್ಳೇವು ಮಾಡಿ ಮುಗಿಸಿದೆವು. ಭಾವ ಎರಡನೆಯ ದಿನವೇ ಹುಬ್ಬಳ್ಳಿಗೆ ಹೊರಟರು.

ಇಷ್ಟಾದರೂ ನಾನು ಬೆಳಗಾಗುವ ಮುನ್ನ ಎದ್ದು ಹೋಗುವುದನ್ನು ಬಿಡಲಿಲ್ಲ. ಕಾರಣ ನವರಂಗ. ಉತ್ತರದಲ್ಲಿ, ಹಿಮಾಲಯದ ತಪ್ಪಲಿನವರೆಗೂ, ಮಳೆಗಾಲದಲ್ಲಿ ಮರಿಮಾಡುವ ಈ ಹಕ್ಕಿ ಚಳಿಗೆ ಮುನ್ನ ದಕ್ಷಿಣಕ್ಕೆ ಬರುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಸಿಳ್ಳೆ ನನಗೆ ದಿನವೂ ಕೇಳುತ್ತಿತ್ತು. ಹದಿನೇಳು ದಿನ ಅದರ ಹಿಂದೆ ಬೆಟ್ಟದಲ್ಲಿ ಅಲೆದೆ. ಪ್ಯಾಂಟಿಗೆ ಹತ್ತಿದ ಉಣುಗು ಲೆಕ್ಕಕ್ಕೆ ಸಿಕ್ಕಿದವು, ಹಕ್ಕಿಯ ಒಂದು ಗರಿಯೂ ಸಿಗಲಿಲ್ಲ.

ಹದಿನೆಂಟನೆಯ ದಿನ ಬರಿಗೈಯಲ್ಲಿ ಅಂಗಳಕ್ಕೆ ಬಂದರೆ ಆಯಿ ಬಚ್ಚಲಿನಿಂದ ಕೂಗಿದಳು. "ತಮಾ, ಇದು ನಿನ್ನದೇ ನೋಡು."

ಹಂಡೆಯ ಮಗ್ಗುಲಲ್ಲಿ ಒಂದು ಹೆಡಿಗೆ ಬುಟ್ಟಿ ಕವುಚಿತ್ತು. ಹೊರಗೆ ನಮ್ಮ ಬೆಕ್ಕು ತಪಸ್ಸಿಗೆ ಕುಳಿತಿತ್ತು. ಹೆಡಿಗೆಯ ಸಂದಿಯಿಂದ ಇಣುಕಿದೆ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಾಡಿಗೆಯ ಪಟ್ಟೆ, ಮೋಟು ಬಾಲದಡಿಯಲ್ಲಿ ಕುಂಕುಮ. ರಾತ್ರಿಯಿಡೀ ಹಾರಿ ದಣಿದ ನವರಂಗಗಳು ಹೀಗೆ ಮನೆಯೊಳಗೆ ಬಂದು ಕೂರುವುದುಂಟು. ನಡುಗುವ ಕೈಯಿಂದ ದುರ್ಬೀನು ಎತ್ತಿದೆ. ಬಣ್ಣದ ಮಬ್ಬು ಬಿಟ್ಟರೆ ಏನೂ ಕಾಣಲಿಲ್ಲ. ಎರಡು ಮಾರಿಗಿಂತ ಹತ್ತಿರದ್ದು ಅದರಲ್ಲಿ ಸ್ಪಷ್ಟವಾಗುವುದಿಲ್ಲ.

"ಅದನ್ನು ಕೆಳಗಿಟ್ಟು ಕಣ್ಣಿನಿಂದ ನೋಡು" ಎಂದಳು ಆಯಿ.

ನೋಡಿದೆ. ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ, ಸಂಜೆಯವರೆಗೆ ಯಾರೂ ಬಚ್ಚಲಿಗೆ ಹೋಗದಂತೆ ನೋಡಿಕೊಂಡು (ಆ ದಿನ ನಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ), ಹೊತ್ತು ಇಳಿದ ಮೇಲೆ ಹೆಡಿಗೆ ಎತ್ತಿದೆ. ಎರಡು ಕುಪ್ಪಳಿಸಿ, ಒಮ್ಮೆ ಬಾಲ ಕುಣಿಸಿ, ಏಲಕ್ಕಿ ಹಿಂಡಿನೊಳಗೆ ಮರೆಯಾಯಿತು.

"ಏನು ತಿನ್ನುತ್ತದೆ ಅದು?" ಆಯಿ ಕೇಳಿದಳು.

"ತರಗೆಲೆ ಕೆದಕಿ ಹುಳ ತಿನ್ನುತ್ತದೆ."

"ಅಡಿಕೆ?"

"ಮುಟ್ಟುವುದಿಲ್ಲ."

"ಹಾಗಾದರೆ ಇದ್ದುಕೊಳ್ಳಲಿ" ಎಂದು ಹೆಡಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.