ಬಿಸಿ ಟೈರಿನ ಗಾಳಿ ಇಳಿಸಬೇಡಿ
ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಪಿಎಸ್‌ಐಯಷ್ಟು (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿ ಎಂದು ಟೈರುಗಳ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಬೇಕಾದ ಅಳತೆ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಗಾಡಿ ನಿಂತು ಕನಿಷ್ಠ 3 ಗಂಟೆಯಾದ ಮೇಲೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಓಡಿಸಿ ಬಂದಾಗ 4-5 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಅದನ್ನು ಕಂಡು ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗಿರುತ್ತದೆ. ನಿಜವಾದ ಅಪಾಯ ಅಲ್ಲೇ ಇರುವುದು: ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚಿಕೊಂಡು ಬಿಸಿಯಾಗುತ್ತದೆ, ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ, ಹೆದ್ದಾರಿಯ ವೇಗದಲ್ಲಿ ಟೈರು ಸಿಡಿಯಬಹುದು.

ಸವೆತವನ್ನೂ ಗಮನಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಹೆಚ್ಚು, ಒಂದೇ ಅಂಚಾದರೆ ಬಹುಮಟ್ಟಿಗೆ ಅಲೈನ್‌ಮೆಂಟ್ (ಚಕ್ರಗಳ ನೇರ ಜೋಡಣೆ) ತಪ್ಪಿದೆ. ಟೈರಿನ ತೋಡುಗಳ ಒಳಗೆ ಇರುವ ಉಬ್ಬುಗಳ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ, ಟ್ರೆಡ್ (ನೆಲಕ್ಕೆ ತಾಗುವ ಮೇಲ್ಪದರ) ಇಳಿದರೆ ಬದಲಿಸಲೇಬೇಕು. ಮಳೆಗಾಲದಲ್ಲಿ 3 ಮಿ.ಮೀ.ಗೇ ಬದಲಿಸುವುದು ಕ್ಷೇಮ. ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ದಾರಗಳು ತುಂಡಾಗಿವೆ ಎಂದರ್ಥ. ಅದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲ. ಸ್ಟೆಪ್ನಿಯ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಿ.