ವುಝೂ ನೀರು ಉಳಿಸೋದೂ ದೀನೇ (ಧರ್ಮವೇ)

ಯಾವುದಾದ್ರೂ ಮಸೀದಿಲಿ ವುಝೂ (ನಮಾಝ್‌ಗೆ ಮುಂಚೆ ಕೈಕಾಲು ಮುಖ ತೊಳೆಯೋದು) ಮಾಡೋ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ನಲ್ಲಿ ಪೂರ್ತಿ ತಿರುಗಿಸಿಟ್ಟು ಆಮೇಲೆ ವಾಚ್ ಬಿಚ್ಚೋದು, ತೋಳು ಮಡಚೋದು, ಪಕ್ಕದವ್ರ ಹತ್ರ ಊರ ಸುದ್ದಿ ಮಾತಾಡೋದು, ನೀರು ಮಾತ್ರ ಸುರೀತಾನೇ ಇರುತ್ತೆ. ಹೇಳಿದ್ರೆ "ಇಬಾದತ್‌ಗೆ (ಆರಾಧನೆಗೆ) ತಾನೆ, ಬಿಡಿ" ಅಂತಾರೆ. ನನಗೆ ಸಂಕಟ ಆಗೋದೇ ಆ ಮಾತಿಗೆ.

ಯಾಕಂದ್ರೆ ಇದೇ ಮಾತು ಪ್ರವಾದಿ (ಸ) ಅವರ ಮುಂದೇನೇ ಬಂದಿತ್ತು. ತಮ್ಮ ಸಂಗಾತಿ ಸಅದ್ (ರ) ವುಝೂ ಮಾಡ್ತಿರೋದನ್ನ ನೋಡಿ ಪ್ರವಾದಿಯವ್ರು ಇದೇನು ಈ ದುಂದು ಅಂತ ಕೇಳ್ತಾರೆ, ವುಝೂನಲ್ಲೂ ದುಂದು ಅಂತ ಇರುತ್ತಾ ಅಂತ ಸಅದ್ ಅಂದಾಗ ಹೌದು, ನೀನು ಹರಿಯೋ ಹೊಳೆ ದಡದಲ್ಲಿದ್ರೂ ಅದು ದುಂದೇ ಅಂತಾರೆ. ಇಬ್ನು ಮಾಜಾ ಗ್ರಂಥದ ಈ ಹದೀಸ್‌ನ (ಪ್ರವಾದಿಯವ್ರ ಮಾತು-ನಡೆಯ ವರದಿ) ಸನದ್ (ಅದನ್ನ ಹೇಳ್ತಾ ಬಂದವ್ರ ಸರಪಳಿ) ಬಗ್ಗೆ ಉಲಮಾಗಳಲ್ಲಿ (ವಿದ್ವಾಂಸರಲ್ಲಿ) ಚರ್ಚೆ ಇದೆ, ಇರ್ಲಿ, ಪ್ರವಾದಿಯವ್ರು ಒಂದು ಮುದ್ದ್ ನೀರಲ್ಲಿ ವುಝೂ, ಒಂದು ಸಾಅ್‌ನಿಂದ (ಅಂದ್ರೆ ನಾಲ್ಕು ಮುದ್ದ್) ಐದು ಮುದ್ದ್‌ನಷ್ಟು ನೀರಲ್ಲಿ ಸ್ನಾನ ಮಾಡ್ತಿದ್ರು ಅನ್ನೋದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಗ್ರಂಥಗಳಲ್ಲಿ ಇದೆಯಲ್ಲ. ಮುದ್ದ್ ಅಂದ್ರೆ ಬರೀ ಒಂದು ಬೊಗಸೆ. ಶಾಫಿಈ ಪಂಥದ ಲೆಕ್ಕದಲ್ಲಿ ಮುಕ್ಕಾಲು ಲೀಟರೂ ಆಗಲ್ಲ, ಹನಫಿ ಪಂಥದ ಲೆಕ್ಕ ಹಿಡಿದ್ರೂ ಸುಮಾರು ಒಂದು ಲೀಟರ್. ಪೂರ್ತಿ ತೆರೆದ ನಲ್ಲಿಲಿ ಅಷ್ಟು ನೀರು ತೋಳು ಮಡಚೋ ಮುಂಚೆನೇ ಹೋಗಿರುತ್ತೆ.

ಗಿಡ ನೆಡೋ ಹದೀಸ್ ಎಲ್ರಿಗೂ ಗೊತ್ತು, ಜೂನ್ 5, ಪರಿಸರ ದಿನ ಬಂದ್ರೆ ಸ್ಟೇಟಸ್‌ಗೂ ಹಾಕ್ತೀವಿ, ಒಳ್ಳೇದೇ. ಆದ್ರೆ ಗಿಡ ನೆಡೋದು ವರ್ಷಕ್ಕೊಂದು ಸಲ, ನಲ್ಲಿ ದಿನಕ್ಕೆ ಐದು ಹೊತ್ತು. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರ್‌ಗೆ ಕಾಯ್ತಿದ್ದಾಗಲೇ ರಂಝಾನ್ ಶುರುವಾಗಿತ್ತು, ಅಂಥ ಹೊತ್ತಲ್ಲಿ ಖುತ್ಬಾದಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಹೇಳೋಕೆ ಇದಕ್ಕಿಂತ ದೊಡ್ಡ ವಿಷಯ ಇನ್ಯಾವುದಿದೆ ಹೇಳಿ? "ತಿನ್ನಿ, ಕುಡಿಯಿರಿ, ದುಂದು ಮಾಡಬೇಡಿ" ಅನ್ನೋದು ಕುರ್‌ಆನ್‌ನ ಸೂರಾ ಅಲ್ ಅಅ್‌ರಾಫ್‌ನ 31ನೇ ಆಯತ್ (ವಚನ), ಅದೇ ಆಯತ್ ಶುರುವಾಗೋದು ಮಸೀದಿಗೆ ಚೆನ್ನಾಗಿ ಬಟ್ಟೆ ತೊಟ್ಟು ಬನ್ನಿ ಅಂತ.

ಇಂಡೋನೇಷ್ಯಾದ ಜಕಾರ್ತಾದ ಇಸ್ತಿಕ್ಲಾಲ್ ಮಸೀದಿ ನೋಡಿ, ಎಷ್ಟು ದೊಡ್ಡದು ಅದು, ರಿಪೇರಿ ಮಾಡಿಸುವಾಗ ನೀರು ಕಮ್ಮಿ ಬರೋ ನಲ್ಲಿ, ನೀರಿನ ಮರುಬಳಕೆ, ಸೋಲಾರ್ ಎಲ್ಲಾ ಹಾಕಿಸಿದ್ರು. ನಮ್ಮ ಜಮಾಅತ್‌ಗಳಿಗೆ (ಮಸೀದಿ ಸಮುದಾಯಗಳಿಗೆ) ಅಷ್ಟು ದುಡ್ಡಿಲ್ಲ ಅಂತೀರಾ, ಸರಿ, ಅಷ್ಟು ಬೇಕಾಗೂ ಇಲ್ಲ. ವುಝೂ ನೀರಲ್ಲಿ ಸೋಪಿಲ್ಲ, ಎಣ್ಣೆ ಇಲ್ಲ, ಅದರಲ್ಲಿ ಇನ್ನೊಬ್ರು ವುಝೂ ಮಾಡೋ ಹಾಗಿಲ್ಲ ಅಷ್ಟೇ, ಗಿಡಕ್ಕೆ ಹಾಕೋಕೆ ಯಾವ ಅಡ್ಡಿನೂ ಇಲ್ಲ. ಮುಂದಿನ ಕಮಿಟಿ ಮೀಟಿಂಗಲ್ಲಿ ಎರಡೇ ವಿಷಯ ಎತ್ತಿ: ನಲ್ಲಿಗಳಿಗೆ ನೀರಿನ ರಭಸ ತಗ್ಗಿಸೋ ಸಣ್ಣ ಜಾಲರಿ, ಮತ್ತೆ ವುಝೂ ನೀರು ಹೋಗೋ ಚರಂಡಿಯಿಂದ ಕಾಂಪೌಂಡ್‌ನ ತೆಂಗಿನ ಬುಡಕ್ಕೆ ಒಂದು ಪೈಪ್.