ವಾಟ್ ಕೇಳಬೇಡಿ, ಫ್ಯೂಸ್ ನೋಡಿ

ಕಾರಿನ ಜೊತೆ ಬಂದ ಸ್ಟೀರಿಯೋಗೆ ಹೊರಗಿನ ಆಂಪ್ಲಿಫೈಯರ್ (ಸ್ಪೀಕರಿಗೆ ಪವರ್ ಕೊಡುವ ಪೆಟ್ಟಿಗೆ, ಚುಟುಕಾಗಿ ಆಂಪ್) ಹಾಕಿಸಬೇಕಾ ಅಂತ ಗೆಳೆಯರು ಆಗಾಗ ಕೇಳುತ್ತಾರೆ. ಹಾಕಿಸಿ ಅಂತಲೇ ಹೇಳುತ್ತೇನೆ. ಆದರೆ ಸಿಗ್ನಲ್‌ನಲ್ಲಿ ಪಕ್ಕದ ಕಾರಿನವನು ತಿರುಗಿ ನೋಡಲಿ ಅನ್ನೋದಕ್ಕಾದರೆ ಬೇಡ.

ಮೊದಲು ಆ '50 ವಾಟ್ x 4' ಅನ್ನುವ ಲೆಕ್ಕ ನೋಡೋಣ. ಎಷ್ಟೋ ಸ್ಟೀರಿಯೋಗಳ ಮುಖದ ಮೇಲೆ ಅದು ಅಚ್ಚಾಗಿರುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಹೆಚ್ಚುಕಮ್ಮಿ 14.4 ವೋಲ್ಟ್. ಸ್ಪೀಕರ್ ಒಡ್ಡುವ ತಡೆ ಸಾಮಾನ್ಯವಾಗಿ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 52. ಆ 50 ಹುಟ್ಟಿದ್ದು ಇಲ್ಲೇ. ಆದರೆ ಅಷ್ಟು ಪವರ್ ಬರುವುದು ಹಾಡಿನ ಅಲೆಯ ತಲೆಯೆಲ್ಲ ಕತ್ತರಿಸಿ ಚೌಕ ಆದಾಗ, ಅಂದರೆ ಕೇಳೋಕೆ ಆಗದ ಹಾಗೆ ಒಡೆದಾಗ. ಸ್ವಚ್ಛವಾದ ಅಲೆಗೆ ಅದರ ಅರ್ಧ, 26. ಒಳಗಿನ ಚಿಪ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು 18–20 ವಾಟ್. ಆರ್‌ಎಂಎಸ್ ಅಂತ ಬರೆಯುವುದು ಇದನ್ನೇ. ಅಂಗಡಿಯಲ್ಲಿ ಕೇಳಬೇಕಾದ್ದೂ ಇದನ್ನೇ.

ನಂಬಿಕೆ ಬರಲಿಲ್ವಾ? ಸ್ಟೀರಿಯೋದ ಹಿಂದಿನ ಫ್ಯೂಸ್ ನೋಡಿ. 10 ಅಥವಾ 15 ಆಂಪಿಯರ್ ಇರುತ್ತದೆ. ನಾಲ್ಕು ಕಡೆ 50ರಂತೆ 200 ವಾಟ್ ನಿಜವಾಗಿ ಹೊರಗೆ ಬರಬೇಕಾದರೆ ಒಳಗೆ 300ಕ್ಕಿಂತ ಜಾಸ್ತಿ ಹೋಗಬೇಕು, ಏಕೆಂದರೆ ಈ ಚಿಪ್‌ಗಳು ಸಾಕಷ್ಟನ್ನು ಬಿಸಿಯಾಗಿ ಕಳೆಯುತ್ತವೆ. ಆ ಫ್ಯೂಸ್ ಅಷ್ಟನ್ನು ತಡೆದುಕೊಳ್ಳುವುದಿಲ್ಲ. ಇದೇ ಪರೀಕ್ಷೆಯನ್ನು ಹೊಸ ಆಂಪ್ ಕೊಳ್ಳುವಾಗಲೂ ಮಾಡಿ. ಡಬ್ಬದ ಮೇಲೆ '3000 ವಾಟ್' ಅಂತ ಬೆಂಕಿಯ ಚಿತ್ರದ ಜೊತೆ ಬರೆದಿರುತ್ತದೆ. ಬೆನ್ನಲ್ಲಿ ಮಾತ್ರ 30 ಆಂಪಿಯರ್‌ನ ಒಂದೇ ಫ್ಯೂಸ್. 30ನ್ನು 14.4 ವೋಲ್ಟ್‌ನಿಂದ ಗುಣಿಸಿದರೆ 432. ಉಳಿದದ್ದು ಎಲ್ಲಿಂದ ಬರುತ್ತೆ, ದೇವರೇ ಬಲ್ಲ.

ಇನ್ನೊಂದು ವಿಷಯ. ವಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗುವುದಿಲ್ಲ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ 'ಡಬಲ್' ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹಾಗಾದರೆ 20 ವಾಟ್‌ನಿಂದ 50ಕ್ಕೆ ಹೋಗಿ ಏನು ಪ್ರಯೋಜನ? ಅದು ಗೊತ್ತಾಗುವುದು ಹೈವೇಯಲ್ಲಿ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಟೈರಿನ ಸದ್ದು ಮೇಲೇರುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ. ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ. ಚಂಡೆಯ ಒಂದೊಂದು ಪೆಟ್ಟೂ ಒಂದು ಕ್ಷಣ ಸರಾಸರಿಗಿಂತ ಹತ್ತಾರು ಪಟ್ಟು ಪವರ್ ಬೇಡುತ್ತದೆ. ಕಂಪನಿ ಸ್ಟೀರಿಯೋ ಅಲ್ಲೇ ಕೈಚೆಲ್ಲುತ್ತದೆ. ಚಂಡೆ ತಗಡು ಬಡಿದ ಹಾಗೆ, ಮದ್ದಳೆ ನಾಪತ್ತೆ, ಭಾಗವತರ ಧ್ವನಿ ಕರ್ಕಶ. ಒಳ್ಳೆಯ ಆಂಪ್ ಒಳಗೆ ಕಾರಿನ ವೋಲ್ಟೇಜನ್ನು ಏರಿಸಿಕೊಳ್ಳುವ ಪುಟ್ಟ ಪವರ್ ಸಪ್ಲೈ ಇರುತ್ತದೆ. ಹಾಗಾಗಿ ಆ ಪೆಟ್ಟು ಕತ್ತರಿಸದೆ ಪೂರ್ತಿ ಬರುತ್ತದೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ.

ಸ್ಟೀರಿಯೋ ಕಿತ್ತು ಬೇರೆ ಹಾಕಿಸುವುದು ಈಗ ಕಷ್ಟ. ಸ್ಟೀರಿಂಗ್‌ನ ಬಟನ್, ರಿವರ್ಸ್ ಕ್ಯಾಮೆರಾ ಎಲ್ಲ ಅದಕ್ಕೇ ಅಂಟಿಕೊಂಡಿವೆ. ಅದೃಷ್ಟಕ್ಕೆ ಈಗ ಬಹಳಷ್ಟು ಆಂಪ್‌ಗಳಲ್ಲಿ ಹೈ ಲೆವೆಲ್ ಇನ್‌ಪುಟ್ ಇದೆ, ಸ್ಪೀಕರಿನ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುತ್ತವೆ. ವೈರ್ ಕತ್ತರಿಸದೆ ಕಾರಿನ ಕಪ್ಲರ್‌ನಲ್ಲೇ (ವೈರ್ ಸಿಕ್ಕಿಸುವ ಪ್ಲಗ್) ಹಾಕಿಕೊಡಿ ಅಂತ ಹಟ ಹಿಡಿಯಿರಿ. ಕತ್ತರಿಸಿದರೆ ವಾರಂಟಿ ವಿಷಯದಲ್ಲಿ ಸುಮ್ನೆ ಜಗಳ.

ನನ್ನ ತಕರಾರೆಲ್ಲ ವೈರಿಂಗ್ ಬಗ್ಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಡ್ಡಾಡಿದರೆ ಬಗೆಬಗೆಯ ಆಂಪ್ ಸಿಗುತ್ತವೆ, ವೈರ್ ಬಗ್ಗೆ ಕೇಳುವ ಗಿರಾಕಿ ಮಾತ್ರ ಅಪರೂಪ. ಪರಿಚಯದವರೊಬ್ಬರು ಬೇರೊಂದು ಕಡೆ ಹಾಕಿಸಿಕೊಂಡು ಬಂದಿದ್ದರು. ಬಾನೆಟ್ ಎತ್ತಿ ನೋಡಿದೆ. ಬೆರಳು ಗಾತ್ರದ ಕೆಂಪು ವೈರ್, ನೋಡೋಕೆ ಭರ್ಜರಿ. ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಅದೇ ಗಾತ್ರದ ತಾಮ್ರ ಸಾಗಿಸುವ ಕರೆಂಟಿನಲ್ಲಿ ಸುಮಾರು 60% ಅಷ್ಟೇ ಅಲ್ಯುಮಿನಿಯಂ ಸಾಗಿಸೋದು. ಅದಕ್ಕಿಂತ ಭಯ ಹುಟ್ಟಿಸಿದ್ದು ಬ್ಯಾಟರಿ ಹತ್ತಿರ ಫ್ಯೂಸೇ ಇಲ್ಲದಿದ್ದದ್ದು. ಆ ಫ್ಯೂಸ್ ಇರುವುದು ಆಂಪ್ ಉಳಿಸೋಕಲ್ಲ, ವೈರ್ ಹೊತ್ತಿಕೊಳ್ಳದಿರಲಿ ಅಂತ. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಇರಬೇಕು. ಆಮೇಲೆ ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಕಾಯೋದು ಅದೊಂದೇ.

ಅರ್ಥಿಂಗ್, ಅಂದರೆ ಆಂಪಿನ ನೆಗೆಟಿವ್ ವೈರನ್ನು ಕಾರಿನ ಬಾಡಿಗೆ ಸೇರಿಸೋದು ಕೂಡ ಹಾಗೇ. ಪೇಂಟ್ ಕೆರೆದು ಬರೀ ಲೋಹಕ್ಕೆ ಬೋಲ್ಟ್ ಹಾಕಬೇಕು, ವೈರ್ ಗಿಡ್ಡ ಇರಬೇಕು. ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ 'ಕುಂಯ್' ಅಂತ ಏರುವ ಸದ್ದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನಿಮಗೆ ಹಾಡು ಕೇಳಿಸುತ್ತಿದೆ ಅಂತ ಅರ್ಥ.

ಗೇನ್ ಅನ್ನೋ ತಿರುಪು ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದಷ್ಟೇ ಅದರ ಕೆಲಸ. ಅಂಗಡಿಯ ಹುಡುಗ ಅದನ್ನು ಪೂರ್ತಿ ತಿರುಗಿಸಿ 'ನೋಡಿ ಸಾರ್ ಪಂಚ್' ಅಂದರೆ, ವಾಪಸ್ ತಿರುಗಿಸು ಅನ್ನಿ. ಟ್ವೀಟರ್ (ತೀಕ್ಷ್ಣ ಸ್ವರದ ಸ್ಪೀಕರ್) ಸುಡೋದು ಹೀಗೆ ಗೇನ್ ಪೂರ್ತಿ ಏರಿಸಿದಾಗ. ಬಾಗಿಲಿನ ಸ್ಪೀಕರಿಗೆ 80 ಹರ್ಟ್ಸ್‌ನಲ್ಲಿ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವಂಥದ್ದು) ಹಾಕಿಸಿ. ಅದರ ಕೆಳಗಿನ ಗುಡುಗು ಆ ಪುಟ್ಟ ಸ್ಪೀಕರಿನ ಕೆಲಸ ಅಲ್ಲ.

ಬಜೆಟ್ ಕಮ್ಮಿ ಇದ್ದರೆ? ನನ್ನ ಮಟ್ಟಿಗೆ ಮೊದಲ ದುಡ್ಡು ಬಾಗಿಲಿಗೆ. ತೆಳು ತಗಡಿಗೆ ಬ್ಯುಟೈಲ್ ಶೀಟ್ (ನಡುಕ ತಡೆಯುವ ರಬ್ಬರಿನಂಥ ಹಾಳೆ) ಅಂಟಿಸಿ, ತೂತು ಮುಚ್ಚಿಸಿ. ಹಳೆಯ ಸ್ಪೀಕರೇ ಬೇರೆ ಥರ ಕೇಳಿಸುತ್ತದೆ. ಇನ್ಶೂರೆನ್ಸ್‌ನಲ್ಲಿ ಆಂಪ್ ವಿಷಯ ಬರೆಸೋದು ಮರೀಬೇಡಿ. ಬರೆಸದ ಸಾಮಾನು ಕಳುವಾದರೆ ಕ್ಲೇಮ್ ಸಿಗೋದು ಕಷ್ಟ.

'ಸಬ್‌ವೂಫರ್ ಬೇಡ್ವಾ?' ಅಂತ, ಗುಡುಗಿನ ಸ್ವರಕ್ಕೇ ಇರುವ ದೊಡ್ಡ ಸ್ಪೀಕರಿನ ಬಗ್ಗೆ, ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಬಾಗಿಲು ಸರಿ ಮಾಡಿಸಿ ಸ್ವಲ್ಪ ದಿನ ಕೇಳಿ. ಆಮೇಲೂ ಬೇಕು ಅನಿಸಿದರೆ ಸೀಟಿನಡಿ ಕೂರುವ 8 ಇಂಚಿನದು ಸಾಕು. ಡಿಕ್ಕಿ ಖಾಲಿ ಇರಲಿ, ಊರಿಂದ ಬರುವಾಗ ಅಮ್ಮ ತುಂಬಿಸುವ ತೆಂಗಿನಕಾಯಿಗೆ ಜಾಗ ಬೇಕಲ್ಲ.